ನೆನಪಿಗೊಂದು ಗೂಟ

ಈ ತಿಂಗಳು ಬಂದ ಪತ್ರಗಳನ್ನು ಹರಡಿಕೊಂಡು ಕೂತರೆ ಅರ್ಧಕ್ಕಿಂತ ಜಾಸ್ತಿ ಮರೆವಿನ ಬಗ್ಗೆಯೇ ಇವೆ. ಪರೀಕ್ಷೆಗೆ ಓದುವವರದ್ದು, ಮಕ್ಕಳಿಗೆ ಓದಿಸುವವರದ್ದು, ನಿವೃತ್ತರದ್ದು, ಸಂಗೀತ ಕಲಿಯುವ ಹುಡುಗಿಯದ್ದು. ಹಾಗಾಗಿ ಈ ಸಲದ ಅಂಕಣ ಪೂರ್ತಿ ಇದಕ್ಕೇ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾನು ಮೂವತ್ತು ವರ್ಷ ಕನ್ನಡ ಪಾಠ ಮಾಡಿದವಳು, ಡಾಕ್ಟರ್ ಅಲ್ಲ. ತರಗತಿಯಲ್ಲಿ ಕಂಡದ್ದು, ಓದಿ ತಿಳಿದದ್ದು, ನಾನೇ ಮಾಡಿ ನೋಡಿದ್ದು, ಇಷ್ಟನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಪ್ರಶ್ನೆ: ಅಕ್ಕಾ, ಎರಡು ವರ್ಷದಿಂದ ಧಾರವಾಡದಲ್ಲಿ ರೂಮ್ ಮಾಡಿಕೊಂಡು ಎಫ್‌ಡಿಎ, ಪಿಡಿಒ ಅಂತ ಸರ್ಕಾರಿ ಕೆಲಸದ ಪರೀಕ್ಷೆಗಳಿಗೆ ಓದುತ್ತಿದ್ದೇನೆ. ಇತಿಹಾಸದ ಇಸವಿಗಳು, ಪ್ರಶಸ್ತಿ ಪಡೆದವರ ಪಟ್ಟಿ, ಇವೆಲ್ಲ ರಾತ್ರಿ ಓದಿದ್ದು ಬೆಳಿಗ್ಗೆ ಇರುವುದಿಲ್ಲ. ಹತ್ತು ಸಲ ಓದಿದರೂ ಅಷ್ಟೇ. ನನ್ನ ತಲೆಯೇ ಸರಿ ಇಲ್ಲವೇ?
(ಒಬ್ಬ ಅಭ್ಯರ್ಥಿ, ಧಾರವಾಡ)

ಉತ್ತರ: ತಲೆ ಸರಿಯಾಗಿಯೇ ಇದೆ ತಮ್ಮಾ. ಹೆರ್ಮನ್ ಎಬ್ಬಿಂಗ್‌ಹೌಸ್ ಅಂತ ಒಬ್ಬ ಜರ್ಮನ್ ವಿಜ್ಞಾನಿ ಇದ್ದರು. ಅರ್ಥವೇ ಇಲ್ಲದ ಅಕ್ಷರಗುಚ್ಛಗಳನ್ನು ತಾವೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆತುಹೋಗುತ್ತದೆ ಎಂದು ವರ್ಷಗಟ್ಟಲೆ ಲೆಕ್ಕ ಇಟ್ಟು 1885ರಲ್ಲಿ ಪ್ರಕಟಿಸಿದರು. ಒಂದು ಗಂಟೆಯೊಳಗೇ ಅರ್ಧಕ್ಕಿಂತ ಹೆಚ್ಚು ಹೋಗಿರುತ್ತಿತ್ತು. ನಿಮಗೆ ಬೆಳಿಗ್ಗೆವರೆಗೆ ಸ್ವಲ್ಪ ಉಳಿದಿದ್ದರೆ ಅದೇ ದೊಡ್ಡದು.

ಇಸವಿ, ಪಟ್ಟಿ ಇವೆಲ್ಲ ಗೂಟ ಇಲ್ಲದ ದನದ ಹಾಗೆ. ಹಗ್ಗ ಎಷ್ಟೇ ಗಟ್ಟಿ ಇದ್ದರೂ ಕಟ್ಟಲು ಏನೂ ಇಲ್ಲದಿದ್ದರೆ ರಾತ್ರಿ ಎದ್ದು ಹೋಗಿಬಿಡುತ್ತದೆ. ಹತ್ತು ಸಲ ಓದುವುದು ಅಂದರೆ ಹಗ್ಗವನ್ನೇ ಉದ್ದ ಮಾಡಿದ ಹಾಗೆ. ಮೊದಲು ಒಂದು ಗೂಟ ಹೊಡೆಯಿರಿ.

ಮಾಡಿಯೇ ತೋರಿಸುತ್ತೇನೆ. ಕನ್ನಡಕ್ಕೆ ಜ್ಞಾನಪೀಠ ತಂದವರು ಎಂಟು ಜನ. ಕುವೆಂಪು, ಬೇಂದ್ರೆ, ಕಾರಂತ, ಮಾಸ್ತಿ, ಗೋಕಾಕ್, ಅನಂತಮೂರ್ತಿ, ಗಿರೀಶ್ ಕಾರ್ನಾಡ್, ಕಂಬಾರ. ಇದೇ ಕ್ರಮದಲ್ಲಿ ನೆನಪಿರಬೇಕು ಅಲ್ವಾ? ಮೊದಲ ಅಕ್ಷರ ತೆಗೆಯಿರಿ: ಕು, ಬೇ, ಕಾ, ಮಾ, ಗೋ, ಅ, ಗಿ, ಕಂ. ಈಗ ಇದನ್ನು ಹೇಳಿ ನೋಡಿ: "ಕುಬೇರನೂ ಕಾಮಣ್ಣನೂ ಗೋವಾದಲ್ಲಿ ಗಿಳಿ ಕಂಡರು." ಕುಬೇರನಲ್ಲಿ ಕುವೆಂಪು, ಬೇಂದ್ರೆ. ಕಾಮಣ್ಣನಲ್ಲಿ ಕಾರಂತ, ಮಾಸ್ತಿ. ಗೋವಾದಲ್ಲಿ ಗೋಕಾಕ್, ಅನಂತಮೂರ್ತಿ ("ಅ" ಅನ್ನುವುದು "ವಾ" ಆಗಿದೆ, ಅಷ್ಟು ರಿಯಾಯಿತಿ ತೆಗೆದುಕೊಳ್ಳೋಣ). ಗಿಳಿಯಲ್ಲಿ ಗಿರೀಶ್. ಕಂಡರು ಅನ್ನುವುದರಲ್ಲಿ ಕಂಬಾರ. ಕಣ್ಣು ಮುಚ್ಚಿ ಚಿತ್ರ ತಂದುಕೊಳ್ಳಿ. ಮೈತುಂಬ ಚಿನ್ನ ಹಾಕಿಕೊಂಡ ಕುಬೇರ, ಪಕ್ಕದಲ್ಲಿ ಹೋಳಿ ಹುಣ್ಣಿಮೆಯ ಬಣ್ಣ ಮೆತ್ತಿಕೊಂಡ ಕಾಮಣ್ಣ, ಇಬ್ಬರೂ ಸಮುದ್ರದ ಮರಳಲ್ಲಿ ನಿಂತು ಹಸಿರು ಗಿಳಿಯನ್ನು ಬಾಯಿಬಿಟ್ಟು ನೋಡುತ್ತಿದ್ದಾರೆ. ಇದನ್ನು ನಾಳೆ ಬೆಳಿಗ್ಗೆ ಮರೆಯಿರಿ ನೋಡೋಣ! ಧಾರವಾಡದಲ್ಲಿ ಇದ್ದುಕೊಂಡು ಬೇಂದ್ರೆಯವರ ಹೆಸರು ತಪ್ಪಿಸಿದರೆ ಅವರ ಮನೆ ಇದ್ದ ಸಾಧನಕೇರಿಯವರು ಸುಮ್ನೆ ಬಿಡುವುದಿಲ್ಲ.

ಇನ್ನು ಇಸವಿ. ಇದಕ್ಕೆ ನಮ್ಮಲ್ಲೇ ಒಂದು ಹಳೆಯ ಉಪಾಯ ಇದೆ, ಕಟಪಯಾದಿ ಅಂತ. ಅಕ್ಷರಕ್ಕೊಂದು ಅಂಕಿ. ಕ ಇಂದ ಝ ವರೆಗೆ 1 ರಿಂದ 9, ಞ ಸೊನ್ನೆ. ಟ ಇಂದ ಧ ವರೆಗೆ ಮತ್ತೆ 1 ರಿಂದ 9, ನ ಸೊನ್ನೆ. ಪ, ಫ, ಬ, ಭ, ಮ ಅಂದರೆ 1 ರಿಂದ 5. ಯ, ರ, ಲ, ವ, ಶ, ಷ, ಸ, ಹ ಅಂದರೆ 1 ರಿಂದ 8, ಳ ಅಂದರೆ 9. ಸ್ವರ ಯಾವುದಿದ್ದರೂ ಲೆಕ್ಕಕ್ಕಿಲ್ಲ, ಕ ಕಾ ಕಿ ಕೇ ಎಲ್ಲವೂ 1. ಒತ್ತಕ್ಷರ ಇದ್ದರೆ ಕೊನೆಯ ವ್ಯಂಜನ ಮಾತ್ರ. ಹಳೆಯ ಶಾಸ್ತ್ರಗ್ರಂಥಗಳಲ್ಲಿ ಬಲದಿಂದ ಎಡಕ್ಕೆ ಓದುತ್ತಾರೆ, ನಾವು ನಮ್ಮ ಅನುಕೂಲಕ್ಕೆ ನೇರವಾಗಿಯೇ ಓದೋಣ.

ವಿಜಯನಗರದ ಸ್ಥಾಪನೆ 1336. "ಕಲ್ಲು ಗಚ್ಚು" ಅನ್ನಿ. ಕ 1, ಲ್ಲು 3, ಗ 3, ಚ್ಚು 6. ಊರು ಕಟ್ಟಲು ಕಲ್ಲೂ ಗಚ್ಚೂ ಬೇಕೇ ಬೇಕಲ್ಲ! ಅದೇ ಸಾಮ್ರಾಜ್ಯ ರಕ್ಕಸ ತಂಗಡಿಯ ಯುದ್ಧದಲ್ಲಿ ಸೋತದ್ದು 1565ರ ಜನವರಿಯಲ್ಲಿ. "ಯಮ, ತಮ." ಯ 1, ಮ 5, ತ 6, ಮ 5. ಯಮ ಬಂದ, ಕತ್ತಲೆ ಕವಿಯಿತು. ಕನ್ನಡ ಮಾತಾಡುವ ಪ್ರದೇಶಗಳು ಒಂದು ರಾಜ್ಯವಾಗಿ ಸೇರಿದ್ದು 1956ರ ನವೆಂಬರ್ 1. "ಕೇಳು ಮಾತು." ಕೇ 1, ಳು 9, ಮಾ 5, ತು 6. ಮಾತಿನ ಮೇಲೆ ಕಟ್ಟಿದ ರಾಜ್ಯಕ್ಕೆ ಇದಕ್ಕಿಂತ ಒಳ್ಳೆಯ ಗೂಟ ನನಗಂತೂ ಹೊಳೆಯಲಿಲ್ಲ, ಇದು ಸಿಕ್ಕಿದ ದಿನ ನನಗೆ ಅಡುಗೆಮನೆಯಲ್ಲಿ ಒಬ್ಬಳೇ ಕುಣಿಯುವಷ್ಟು ಖುಷಿಯಾಯಿತು.

ರಾಜ್ಯಕ್ಕೆ ಕರ್ನಾಟಕ ಅಂತ ಹೆಸರು ಬಂದ 1973ಕ್ಕೆ ನಾನು ಏನೂ ಕೊಡುವುದಿಲ್ಲ. ನೀವೇ ಮಾಡಿ. ಯಾಕೆ ಅಂದರೆ ಇನ್ನೊಬ್ಬರು ಹೊಡೆದುಕೊಟ್ಟ ಗೂಟ ಬೇಗ ಅಲ್ಲಾಡುತ್ತದೆ. ಪದ ಹುಡುಕುತ್ತಾ ಅರ್ಧ ಗಂಟೆ 1, 9, 7, 3 ಅಂತ ತಲೆ ಕೆರೆದುಕೊಳ್ಳುತ್ತೀರಲ್ಲ, ಆ ಅರ್ಧ ಗಂಟೆಯಲ್ಲೇ ಇಸವಿ ಒಳಗೆ ಇಳಿದಿರುತ್ತದೆ. ಮಾರುಕಟ್ಟೆಯಲ್ಲಿ "ನೆನಪಿನ ಕೋಡ್"ಗಳ ಪುಸ್ತಕ ಬರುತ್ತವೆ, ರೂಮ್‌ಮೇಟ್ ವಾಟ್ಸಾಪ್‌ನಲ್ಲಿ ಇನ್ನೂರು ಕೋಡ್ ಕಳಿಸುತ್ತಾನೆ, ಅವನ್ನೆಲ್ಲ ಬಾಯಿಪಾಠ ಮಾಡಲು ಹೋದರೆ ಇಸವಿಯ ಜೊತೆ ಕೋಡನ್ನೂ ಮರೆಯುತ್ತೀರಿ ಅಷ್ಟೇ.

ಇನ್ನೊಂದು ವಿಷಯ, ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಓದಿದ್ದನ್ನೇ ಮತ್ತೆ ಓದುವುದನ್ನು ನಿಲ್ಲಿಸಿ, ಪುಸ್ತಕ ಮುಚ್ಚಿ ಹೇಳಿ ನೋಡಿ. ಅಮೆರಿಕದಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಇಬ್ಬರು 2006ರಲ್ಲಿ ಕಾಲೇಜು ವಿದ್ಯಾರ್ಥಿಗಳ ಮೇಲೆ ಇದನ್ನೇ ಪ್ರಯೋಗ ಮಾಡಿ ತೋರಿಸಿದರು. ಕೆಲವರು ಪಾಠವನ್ನು ಮತ್ತೆ ಓದಿದರು, ಕೆಲವರು ನೋಡದೆ ನೆನಪು ಮಾಡಿ ಬರೆದರು. ಐದು ನಿಮಿಷದ ನಂತರ ಕೇಳಿದರೆ ಮತ್ತೆ ಓದಿದವರೇ ಮುಂದಿದ್ದರು. ವಾರದ ನಂತರ ಕೇಳಿದರೆ ತಲೆಕೆಳಗಾಗಿತ್ತು. ನೋಡದೆ ಬರೆದವರಿಗೇ ಹೆಚ್ಚು ಉಳಿದಿತ್ತು. ಪರೀಕ್ಷೆ ಇರುವುದು ಐದು ನಿಮಿಷದ ನಂತರ ಅಲ್ಲವಲ್ಲ! ಹಾಗಾಗಿ ರಾತ್ರಿ ಮಲಗುವ ಮುಂಚೆ ಒಮ್ಮೆ, ಮರುದಿನ ಒಮ್ಮೆ, ಮೂರು ದಿನ ಬಿಟ್ಟು, ವಾರ ಬಿಟ್ಟು, ತಿಂಗಳು ಬಿಟ್ಟು ಹೇಳಿ ನೋಡಿ. ಖಾಲಿ ಹಾಳೆ, ಒಂದು ಪೆನ್ನು ಸಾಕು. ತಪ್ಪಿದ್ದನ್ನು ಮಾತ್ರ ಪುಸ್ತಕದಲ್ಲಿ ನೋಡಿ.

ಪ್ರಶ್ನೆ: ಮಗ ಏಳನೇ ತರಗತಿ. ಟ್ಯೂಷನ್‌ನಲ್ಲಿ ಎಲ್ಲದಕ್ಕೂ ಶಾರ್ಟ್‌ಕಟ್ ಸೂತ್ರ ಹೇಳಿಕೊಡುತ್ತಾರೆ. ಅವನು ಗಿಣಿಪಾಠ ಒಪ್ಪಿಸಿದ ಹಾಗೆ ಒಪ್ಪಿಸುತ್ತಾನೆ. ಇದರಿಂದ ಅರ್ಥ ಮಾಡಿಕೊಳ್ಳುವ ಶಕ್ತಿ ಹಾಳಾಗುವುದಿಲ್ಲವೇ?
(ಒಬ್ಬ ತಾಯಿ, ಶಿವಮೊಗ್ಗ)

ಉತ್ತರ: ನಿಮ್ಮ ಆತಂಕ ಸರಿಯಾದದ್ದೇ ತಾಯಿ. ಆದರೆ ಸೂತ್ರವನ್ನೇ ದೂರಬೇಡಿ, ಎಲ್ಲಿ ಬಳಸಬೇಕು ಅಂತ ನೋಡಿ. ಕಾರಣ ಇರುವ ವಿಷಯವನ್ನು ಅರ್ಥ ಮಾಡಿಕೊಳ್ಳಬೇಕು, ಕಾರಣ ಕೇಳಿದರೂ ಸಿಗದ ವಿಷಯಕ್ಕೆ ಸೂತ್ರ ಬೇಕು.

ಗ್ರಹಗಳನ್ನೇ ತೆಗೆದುಕೊಳ್ಳಿ. ಬುಧ, ಶುಕ್ರ, ಭೂಮಿ, ಮಂಗಳ, ಗುರು, ಶನಿ, ಯುರೇನಸ್, ನೆಪ್ಚೂನ್. ಎರಡನೆಯದಕ್ಕೆ ಶುಕ್ರ ಅಂತಲೇ ಯಾಕೆ ಹೆಸರು ಎಂದು ಎಷ್ಟು ಯೋಚಿಸಿದರೂ ಕ್ರಮ ನೆನಪಿಗೆ ಬರುವುದಿಲ್ಲ. ಇಲ್ಲಿ ಸೂತ್ರ ಬೇಕು. ನಮ್ಮ ಪಕ್ಕದ ಮನೆಯ ಹುಡುಗಿ ತನ್ನ ಅಜ್ಜಿಯ ತೋಟ ನೆನೆದು ಮಾಡಿದ್ದು ಇದು: "ಬುಟ್ಟಿಯಲ್ಲಿ ಶುಂಠಿ, ಭೂಮಿಯಲ್ಲಿ ಮರಗೆಣಸು, ಗುಡ್ಡೆಯಲ್ಲಿ ಶತಾವರಿ, ಯುಗಾದಿಗೆ ನೆಲಗಡಲೆ." ಎಂಟು ಪದ, ಎಂಟು ಗ್ರಹ. ಹೇಳಿದ ದಿನದಿಂದ ನನಗೂ ಬಾಯಿಗೆ ಬಂದುಬಿಟ್ಟಿದೆ. ಆದರೆ ಶುಕ್ರ ಸೂರ್ಯನಿಂದ ಬುಧಕ್ಕಿಂತ ದೂರ ಇದ್ದರೂ ಬುಧಕ್ಕಿಂತ ಬಿಸಿ, ಯಾಕೆ? ಅದರ ಸುತ್ತ ಇಂಗಾಲದ ಡೈಆಕ್ಸೈಡ್‌ನ ದಪ್ಪ ಕಂಬಳಿ ಇದೆ, ಶಾಖ ಹೊರಗೆ ಹೋಗಲು ಬಿಡುವುದಿಲ್ಲ. ಇದಕ್ಕೆ ಸೂತ್ರ ಹುಡುಕಿದರೆ ಮಗುವಿಗೆ ಅನ್ಯಾಯ ಮಾಡಿದ ಹಾಗೆ. ಇದನ್ನು ಕೂತು ಮಾತಾಡಬೇಕು.

ನನಗೆ ತುಂಬ ಇಷ್ಟವಾದ ಒಂದು ಸೂತ್ರ ಇದೆ, ಛಂದಸ್ಸು ಓದಿದವರಿಗೆಲ್ಲ ಗೊತ್ತು: ಯಮಾತಾರಾಜಭಾನಸಲಗಂ. ಗಿಡ್ಡ ಅಕ್ಷರ ಲಘು, ಉದ್ದ ಅಕ್ಷರ ಗುರು, ಇವು ಮೂರು ಮೂರು ಸೇರಿದ ಗುಂಪೇ ಅಕ್ಷರಗಣ. ಎಂಟು ಅಕ್ಷರಗಣಗಳೂ ಇದರೊಳಗೇ ಕೂತಿವೆ. ಯಗಣ ಬೇಕಾ? ಯ ಇಂದ ಶುರುಮಾಡಿ ಮೂರು ಅಕ್ಷರ ಓದಿ: ಯ-ಮಾ-ತಾ. ಲಘು, ಗುರು, ಗುರು. ಅದೇ ಯಗಣ. ರಗಣ ಬೇಕಾ? ರಾ-ಜ-ಭಾ. ಗುರು, ಲಘು, ಗುರು. ನಗಣಕ್ಕೆ ನ-ಸ-ಲ, ಮೂರೂ ಲಘು. ಸಗಣಕ್ಕೆ ಸ-ಲ-ಗಂ. ಕೊನೆಯ ಲ ಅಂದರೆ ಲಘು, ಗಂ ಅಂದರೆ ಗುರು, ಅದನ್ನೂ ಹೇಳಿಬಿಡುತ್ತದೆ! ನಾನು ಪಾಠ ಮಾಡುವಾಗ ಇದನ್ನು ಮೊದಲ ದಿನ ಹೇಳುತ್ತಿರಲಿಲ್ಲ. ಎರಡು ವಾರ ಪದ್ಯಗಳಿಗೆ ಪ್ರಸ್ತಾರ (ಲಘು, ಗುರು ಗುರುತು) ಹಾಕಿಸಿ, ಯಾವ ಗಣ ಯಾವುದು ಅಂತ ಮಕ್ಕಳು ಗೋಳಾಡಿದ ಮೇಲೆ ಒಂದು ದಿನ ಬೋರ್ಡ್ ಮೇಲೆ ಹತ್ತೇ ಹತ್ತು ಅಕ್ಷರ ಬರೆದು ಸುಮ್ನೆ ನಿಲ್ಲುತ್ತಿದ್ದೆ. ಒಂದು ನಿಮಿಷ ಯಾರೂ ಮಾತಾಡುತ್ತಿರಲಿಲ್ಲ. ಆಮೇಲೆ ಹಿಂದಿನ ಬೆಂಚಿನಿಂದ ಯಾರಾದರೂ ಒಬ್ಬರು "ಅಯ್ಯೋ, ಎಲ್ಲಾ ಇದರಲ್ಲೇ ಇದೆ ಮಿಸ್" ಅಂತ ಕೂಗುತ್ತಿದ್ದರು. ಆ ಕೂಗಿಗೋಸ್ಕರವೇ ನಾನು ಎರಡು ವಾರ ಕಾಯುತ್ತಿದ್ದೆ.

ನಿಮ್ಮ ಮಗನಿಗೂ ಹಾಗೇ ಮಾಡಿ. ಟ್ಯೂಷನ್‌ನಲ್ಲಿ ಕಲಿತ ಸೂತ್ರ ಒಪ್ಪಿಸಿದಾಗ "ಇದು ಯಾವುದಕ್ಕೆ?" ಅಂತ ಒಂದು ಪ್ರಶ್ನೆ ಕೇಳಿ. ಒಂಬತ್ತರ ಮಗ್ಗಿಯನ್ನು ಬೆರಳಲ್ಲಿ ಮಾಡುವುದು ಗೊತ್ತಾ ಅವನಿಗೆ? ಹತ್ತೂ ಬೆರಳು ಚಾಚಬೇಕು, ಒಂಬತ್ತು ನಾಕಲಿ ಎಷ್ಟು ಅಂದರೆ ನಾಲ್ಕನೇ ಬೆರಳು ಮಡಿಸಬೇಕು, ಅದರ ಎಡಕ್ಕೆ ಮೂರು, ಬಲಕ್ಕೆ ಆರು, ಮೂವತ್ತಾರು. ಮಾಡಿ ತೋರಿಸಿ. ಆಮೇಲೆ ಇದು ಯಾಕೆ ಸರಿಬರುತ್ತದೆ ಅಂತ ಅವನೇ ಕಂಡುಹಿಡಿಯಲಿ, ಎರಡು ದಿನ ತೆಗೆದುಕೊಂಡರೂ ಪರವಾಗಿಲ್ಲ.

ಪ್ರಶ್ನೆ: ನಾವು ಮಹಿಳಾ ಸ್ವಸಹಾಯ ಸಂಘದವರು. ವಾರ್ಷಿಕೋತ್ಸವದಲ್ಲಿ ನಾನು ವರದಿ ಹೇಳಬೇಕು. ಚೀಟಿ ನೋಡಿ ಓದಲು ಮುಜುಗರ, ನೋಡದಿದ್ದರೆ ಅರ್ಧಕ್ಕೇ ನಿಂತುಹೋಗುತ್ತೇನೆ. ಏನು ಮಾಡಲಿ?
(ಸಂಘದ ಕಾರ್ಯದರ್ಶಿ, ಹಾವೇರಿ ಜಿಲ್ಲೆ)

ಉತ್ತರ: ನಿಮ್ಮ ಮನೆಯನ್ನೇ ಚೀಟಿ ಮಾಡಿಕೊಳ್ಳಿ. ಸುಮಾರು 2500 ವರ್ಷ ಹಿಂದೆ ಗ್ರೀಸ್‌ನಲ್ಲಿ ಸೈಮೊನಿಡೀಸ್ ಎಂಬ ಕವಿ ಇದನ್ನು ಕಂಡುಕೊಂಡ ಅಂತ ಕಥೆ ಇದೆ. ರೋಮಿನ ಸಿಸೆರೊ ಅದನ್ನು ಬರೆದಿಟ್ಟಿದ್ದಾನೆ. ಊಟದ ಮನೆಯ ಸೂರು ಕುಸಿದು ಬಿತ್ತಂತೆ, ಗುರುತು ಸಿಗದ ಹಾಗೆ ಆಗಿದ್ದ ಶವಗಳನ್ನು, ಯಾರು ಎಲ್ಲಿ ಕೂತಿದ್ದರು ಅನ್ನುವ ನೆನಪಿನ ಮೇಲೇ ಆತ ಗುರುತಿಸಿದನಂತೆ. ಜಾಗ ನೆನಪಿದ್ದರೆ ಅಲ್ಲಿದ್ದದ್ದೂ ನೆನಪಾಗುತ್ತದೆ.

ನಿಮ್ಮ ಮನೆಯಲ್ಲಿ ಕಣ್ಣು ಮುಚ್ಚಿ ನಡೆಯಿರಿ. ಬೀದಿ ಬಾಗಿಲು, ಹೊರಗಿನ ಕಟ್ಟೆ, ಪಡಸಾಲೆ, ನಡುಮನೆ, ದೇವರ ಜಗಲಿ, ಅಡುಗೆಮನೆ, ಬಚ್ಚಲು, ಹಿತ್ತಲು. ಎಂಟು ಜಾಗ. ಪ್ರತಿ ಜಾಗದಲ್ಲಿ ವರದಿಯ ಒಂದೊಂದು ವಿಷಯ ಇಡಿ, ಆದರೆ ಮಾತಾಗಿ ಇಡಬೇಡಿ, ಚಿತ್ರವಾಗಿ ಇಡಿ, ಚಿತ್ರ ಸ್ವಲ್ಪ ವಿಚಿತ್ರವಾಗಿಯೇ ಇರಲಿ. ಬೀದಿ ಬಾಗಿಲಲ್ಲಿ ಅತಿಥಿಗಳು ದೊಡ್ಡ ಹಾರ ಹಾಕಿಕೊಂಡು ಒಳಗೆ ನುಗ್ಗಲಾಗದೆ ಸಿಕ್ಕಿಕೊಂಡಿದ್ದಾರೆ: ಸ್ವಾಗತ. ಕಟ್ಟೆಯ ಮೇಲೆ ಸಂಘದ ಅಷ್ಟೂ ಸದಸ್ಯೆಯರು ಒಬ್ಬರ ಮೇಲೊಬ್ಬರು ಕೂತಿದ್ದಾರೆ: ಸದಸ್ಯರ ಸಂಖ್ಯೆ. ಪಡಸಾಲೆಯಲ್ಲಿ ಮೊಣಕಾಲವರೆಗೆ ನಾಣ್ಯ ತುಂಬಿದೆ, ನಡೆದರೆ ಝಣಝಣ ಅನ್ನುತ್ತದೆ: ಉಳಿತಾಯ. ನಡುಮನೆಯಲ್ಲಿ ಒಂದು ಎಮ್ಮೆ ಬ್ಯಾಂಕ್ ಪಾಸ್‌ಬುಕ್ ಮೆಲುಕು ಹಾಕುತ್ತಿದೆ: ಸಾಲ. ದೇವರ ಜಗಲಿಯಲ್ಲಿ ದೀಪದ ಬದಲು ಹಪ್ಪಳ ಉರಿಯುತ್ತಿದೆ: ಹಪ್ಪಳ ತಯಾರಿಕೆ. ಉಳಿದ ಮೂರು ನೀವೇ ತುಂಬಿ.

ಆಮೇಲೆ ದಿನಕ್ಕೆ ಎರಡು ಸಲ ಹೊರಗಿನಿಂದ ಹಿತ್ತಲಿಗೆ, ಹಿತ್ತಲಿಂದ ಹೊರಗೆ ಮನಸ್ಸಿನಲ್ಲೇ ಓಡಾಡಿ. ವೇದಿಕೆ ಮೇಲೆ ಮಾತು ನಿಂತರೆ ಗಾಬರಿ ಬೇಡ. "ಈಗ ನಾನು ಯಾವ ಕೋಣೆಯಲ್ಲಿದ್ದೇನೆ?" ಅಂತ ಕೇಳಿಕೊಳ್ಳಿ, ಸಾಕು. ಹಣದ ಅಂಕಿಗಳನ್ನು ಮಾತ್ರ ಚಿಕ್ಕ ಚೀಟಿಯಲ್ಲಿ ಬರೆದುಕೊಳ್ಳಿ. ಲೆಕ್ಕ ನೋಡಿ ಹೇಳಿದರೆ ಯಾರೂ ಏನೂ ಅಂದುಕೊಳ್ಳುವುದಿಲ್ಲ, ತಪ್ಪು ಹೇಳಿದರೆ ಅಂದುಕೊಳ್ಳುತ್ತಾರೆ.

"ಇದೆಲ್ಲ ಬುದ್ಧಿವಂತರಿಗೆ" ಅಂತ ಅನ್ನಿಸಬಹುದು. 2017ರಲ್ಲಿ ಯುರೋಪಿನ ಸಂಶೋಧಕರು ಸಾಮಾನ್ಯ ಜನರಿಗೆ ಈ ಮನೆಯ ವಿಧಾನವನ್ನು ಆರು ವಾರ, ದಿನಕ್ಕೆ ಅರ್ಧ ಗಂಟೆ ಅಭ್ಯಾಸ ಮಾಡಿಸಿದರು. 72 ಪದಗಳ ಪಟ್ಟಿಯಲ್ಲಿ ಮೊದಲು ಮೂವತ್ತರ ಆಸುಪಾಸಿನಲ್ಲಿದ್ದವರು ಕೊನೆಗೆ ಅರವತ್ತು ದಾಟಿದರು. ನಾಲ್ಕು ತಿಂಗಳ ನಂತರವೂ ಅವರಲ್ಲಿ ಆ ಲಾಭ ಉಳಿದಿತ್ತು. ನಿಮಗೆ ಬೇಕಾಗಿರುವುದು ಎಂಟೇ ವಿಷಯ ಅಲ್ವಾ?

ಪ್ರಶ್ನೆ: ನಾನು ನ್ಯೂಜೆರ್ಸಿಯಲ್ಲಿ ಹೈಸ್ಕೂಲ್ ಓದುತ್ತಿದ್ದೇನೆ. ಮೈಸೂರಿನ ಟೀಚರ್ ಹತ್ತಿರ ಆನ್‌ಲೈನ್‌ನಲ್ಲಿ ಸಂಗೀತ ಕಲಿಯುತ್ತೇನೆ. 72 ಮೇಳಕರ್ತ (ಮೂಲ) ರಾಗಗಳ ನಂಬರ್ ಕಲಿ ಅಂದಿದ್ದಾರೆ. ಅಮ್ಮ ಈ ಪತ್ರ ಬರೆಯಲು ಸಹಾಯ ಮಾಡಿದರು.
(ಹದಿನೈದರ ಹುಡುಗಿ)

ಉತ್ತರ: ಎಷ್ಟು ಚೆನ್ನಾಗಿ ಬರೆದಿದ್ದೀಯ ಪುಟ್ಟಿ! ನಿನಗೆ ನಂಬರ್ ಬಾಯಿಪಾಠ ಮಾಡುವ ಕೆಲಸವೇ ಇಲ್ಲ, ಹೆಸರಲ್ಲೇ ನಂಬರ್ ಇದೆ. ಮೇಲೆ ಧಾರವಾಡದ ಅಣ್ಣನಿಗೆ ಕಟಪಯಾದಿ ಹೇಳಿದ್ದೇನೆ, ಅದನ್ನು ಅಮ್ಮನ ಜೊತೆ ಓದು. ರಾಗದ ಹೆಸರಿನ ಮೊದಲ ಎರಡು ಅಕ್ಷರ ತೆಗೆದುಕೊಂಡು, ಬಂದ ಅಂಕಿಗಳನ್ನು ತಿರುಗಿಸಬೇಕು. ಮೇಚಕಲ್ಯಾಣಿ: ಮೇ 5, ಚ 6. ತಿರುಗಿಸಿದರೆ 65. ಧೀರಶಂಕರಾಭರಣ: ಧೀ 9, ರ 2. ತಿರುಗಿಸಿದರೆ 29. ಹಾಡುವಾಗ ನಾವು ಕಲ್ಯಾಣಿ, ಶಂಕರಾಭರಣ, ತೋಡಿ ಅಂತೀವಿ. ಮೇಚ, ಧೀರ, ಹನುಮ ಅಂತ ಮುಂದೆ ಸೇರಿಸಿರುವುದೇ ನಂಬರ್ ಕೂರಿಸಲಿಕ್ಕೆ.

ಈಗ 65ರಲ್ಲಿ 36 ಕಳೆ. 29! ಮೊದಲ 36 ರಾಗಗಳಿಗೆ ಶುದ್ಧ ಮಧ್ಯಮ (ಕೆಳಗಿನ ಮ), ಆಮೇಲಿನ 36ಕ್ಕೆ ಪ್ರತಿ ಮಧ್ಯಮ (ಮೇಲಿನ ಮ), ಉಳಿದ ಸ್ವರಗಳು ಅದೇ ಕ್ರಮದಲ್ಲಿ ಬರುತ್ತವೆ. ಹಾಗಾಗಿ ಶಂಕರಾಭರಣ ಹಾಡುತ್ತಾ ಮಧ್ಯಮ ಒಂದನ್ನು ಬದಲಾಯಿಸಿದರೆ ಕಲ್ಯಾಣಿ. ನೀನು ಮೊದಲು ಕಲಿತ ಮಾಯಾಮಾಳವಗೌಳ 5, 1, ಅಂದರೆ 15. ಅದಕ್ಕೆ 36 ಸೇರಿಸಿದರೆ 51, ಕಾಮವರ್ಧಿನಿ. ಕಾ 1, ಮ 5. ಸರಿಯಾಗಿದೆಯಾ ನೋಡು. ತಂಬೂರಿ ಹಾಕಿಕೊಂಡು ಎರಡನ್ನೂ ಒಂದಾದ ಮೇಲೆ ಒಂದು ಹಾಡು.

ಒತ್ತಕ್ಷರ ಇರುವ ಕಡೆ ಸ್ವಲ್ಪ ಹುಷಾರು. ರತ್ನಾಂಗಿಯಲ್ಲಿ ನಿಯಮದಂತೆ "ತ್ನಾ"ದ ನ ಎಣಿಸಬೇಕು, ಆಗ 2 ಬರುತ್ತದೆ. ಚಕ್ರವಾಕದಲ್ಲಿ ಆ ನಿಯಮ ಬಿಟ್ಟು "ಕ್ರ"ದ ಕ ಎಣಿಸಬೇಕು, ಆಗಲೇ 16. ಇಂಥವು ಕೆಲವೇ ಇವೆ, ಟೀಚರ್ ಹತ್ತಿರ ಕೇಳಿ ಒಂದು ಹಾಳೆಯಲ್ಲಿ ಬರೆದಿಟ್ಟುಕೋ.

ಪ್ರಶ್ನೆ: ನಿವೃತ್ತ ಮೇಷ್ಟ್ರು ನಾನು, 68 ವರ್ಷ. ಗೊತ್ತಿದ್ದವರ ಹೆಸರೇ ಬಾಯಿಗೆ ಬರುವುದಿಲ್ಲ. ಬೀಗದ ಕೈ ಎಲ್ಲಿಟ್ಟೆ ಅಂತ ದಿನಾ ಹುಡುಕಾಟ. ದೊಡ್ಡ ಕಾಯಿಲೆಯ ಶುರು ಇರಬಹುದೇ ಎಂದು ರಾತ್ರಿ ನಿದ್ದೆ ಬರುವುದಿಲ್ಲ.
(ಬಾಗಲಕೋಟೆ)

ಉತ್ತರ: ಮೇಷ್ಟ್ರೇ, ನಮಸ್ಕಾರ. ಹೆಸರು ಮರೆಯುವುದು ವಯಸ್ಸಾದಂತೆ ಎಲ್ಲರಿಗೂ ಜಾಸ್ತಿ ಆಗುತ್ತದೆ. ಬೀಗದ ಕೈ ಎಲ್ಲಿಟ್ಟೆ ಅಂತ ಮರೆಯುವುದು ಬೇರೆ, ಬೀಗದ ಕೈ ಯಾತಕ್ಕೆ ಅಂತ ಮರೆಯುವುದು ಬೇರೆ. ದಿನಾ ಓಡಾಡುವ ದಾರಿ ತಪ್ಪಿದರೆ, ಕೇಳಿದ್ದನ್ನೇ ಗಂಟೆಗೆ ನಾಲ್ಕು ಸಲ ಕೇಳುತ್ತಿದ್ದೀರಿ ಅಂತ ಮನೆಯವರು ಹೇಳಿದರೆ, ಇಷ್ಟು ವರ್ಷ ಮಾಡುತ್ತಿದ್ದ ದುಡ್ಡಿನ ಲೆಕ್ಕ ಈಗ ಬಗೆಹರಿಯದಿದ್ದರೆ ತಡ ಮಾಡದೆ ಡಾಕ್ಟರ್ ಹತ್ತಿರ ಹೋಗಿ, ಮನೆಯವರನ್ನೂ ಕರೆದುಕೊಂಡು ಹೋಗಿ. ವಿಟಮಿನ್ ಬಿ12 ಕಡಿಮೆ ಆದರೆ, ಥೈರಾಯಿಡ್ ತೊಂದರೆ ಇದ್ದರೆ, ಮನಸ್ಸಿಗೆ ಖಿನ್ನತೆ ಹಿಡಿದರೆ, ನಿದ್ದೆ ಕೆಟ್ಟರೆ, ಕಿವಿ ಮಂದವಾದರೆ ಕೂಡ ಮರೆವು ಬರುತ್ತದೆ. ಇವಕ್ಕೆಲ್ಲ ಔಷಧಿಯೋ ಉಪಾಯವೋ ಇದೆ. ಹೇಗೂ ನಿದ್ದೆ ಬರುತ್ತಿಲ್ಲ ಅಂದಿದ್ದೀರಲ್ಲ, ಹೆದರಿಕೊಂಡು ಕೂರುವ ಬದಲು ಒಮ್ಮೆ ತೋರಿಸಿಕೊಂಡೇ ಬನ್ನಿ.

ಇನ್ನು ಹೆಸರು. ನಿಮ್ಮ ಕಡೆ ಹೂಗಾರ, ಬಡಿಗೇರ, ಕಮ್ಮಾರ, ಪತ್ತಾರ ಅಂತ ಅಡ್ಡಹೆಸರು ಇರುತ್ತವೆ. ಹೊಸಬರೊಬ್ಬರು "ನಾನು ಹೂ ಮಾರುತ್ತೇನೆ" ಅಂದರೆ ನಿಮಗೆ ನೆನಪಿರುತ್ತದೆ. "ನನ್ನ ಹೆಸರು ಹೂಗಾರ" ಅಂದರೆ ಮರೆತುಹೋಗುತ್ತದೆ. ಒಂದೇ ಮಾತು, ಆದರೂ ಹೀಗೆ. ಮನಶ್ಶಾಸ್ತ್ರದವರು ಇದನ್ನು ಪರೀಕ್ಷೆ ಮಾಡಿ ನೋಡಿದ್ದಾರೆ. ಕಸುಬು ಅಂದಾಗ ಹೂವಿನ ಬುಟ್ಟಿ, ವಾಸನೆ, ದಾರ, ನೆನೆಸಿದ ಬಾಳೆಪಟ್ಟೆ ಎಲ್ಲ ಕಣ್ಣಿಗೆ ಬರುತ್ತದೆ, ಹೆಸರು ಅಂದಾಗ ಬರೀ ಶಬ್ದ. ಹಾಗಾಗಿ ಹೂಗಾರ ಅವರ ತಲೆ ಮೇಲೆ ಮನಸ್ಸಿನಲ್ಲೇ ಒಂದು ಸೇವಂತಿಗೆ ಬುಟ್ಟಿ ಇಟ್ಟುಬಿಡಿ. ಆಮೇಲೆ ಮಾತಿನ ನಡುವೆ ಒಂದೆರಡು ಸಲ "ಹೌದ್ರಿ ಹೂಗಾರರೇ" ಅಂತ ಹೆಸರು ಹಿಡಿದು ಕರೆಯಿರಿ, ಹೊರಡುವಾಗ ಮತ್ತೊಮ್ಮೆ.

ಬೀಗದ ಕೈಗೆ ಯಾವ ತಂತ್ರವೂ ಬೇಡ. ಬಾಗಿಲ ಪಕ್ಕ ಒಂದು ಮೊಳೆ ಹೊಡೆಯಿರಿ. ಗ್ಯಾಸ್ ಆಫ್ ಮಾಡುವಾಗ "ಗ್ಯಾಸ್ ಆಫ್ ಮಾಡಿದೆ" ಅಂತ ಬಾಯಿಬಿಟ್ಟು ಹೇಳಿ. ಬಸ್ ಹತ್ತಿದ ಮೇಲೆ ಅನುಮಾನ ಬಂದರೆ ನಿಮ್ಮ ದನಿಯೇ ನಿಮಗೆ ಉತ್ತರ ಹೇಳುತ್ತದೆ.

ಪ್ರಶ್ನೆ: ಒಂದೆಲಗ, ಬಾದಾಮಿ ತಿಂದರೆ ನೆನಪಿನ ಶಕ್ತಿ ಹೆಚ್ಚುತ್ತದೆಯೇ?
(ಉಡುಪಿ)

ಉತ್ತರ: ಒಂದೆಲಗದ ತಂಬುಳಿ ರುಚಿ ಅಂತ ತಿನ್ನಿ, ನಾನೂ ತಿನ್ನುತ್ತೇನೆ. ತಿಂದ ಮರುದಿನ ಮಗ್ಗಿ ಬರುತ್ತದೆ ಅಂತ ಮಕ್ಕಳಿಗೆ ಆಸೆ ಹುಟ್ಟಿಸಬೇಡಿ. ಓದಿದ್ದು ತಲೆಯಲ್ಲಿ ಗಟ್ಟಿಯಾಗಿ ಕೂರುವ ಕೆಲಸ ಹೆಚ್ಚಾಗಿ ನಡೆಯುವುದು ನಿದ್ದೆಯಲ್ಲಿ. ಪರೀಕ್ಷೆಯ ಹಿಂದಿನ ರಾತ್ರಿ ಮಗುವನ್ನು ಎರಡು ಗಂಟೆವರೆಗೆ ಕೂರಿಸಿ ಬಾದಾಮಿ ಹಾಲು ಕೊಡುವುದಕ್ಕಿಂತ ಹತ್ತಕ್ಕೆ ಮಲಗಿಸುವುದು ಒಳ್ಳೆಯದು.

ಪ್ರಶ್ನೆ: ಮೊನ್ನೆ ಅಷ್ಟಾವಧಾನ ನೋಡಿದೆ. ಎಂಟು ಜನ ಕಾಡುತ್ತಿದ್ದರೂ ಅವಧಾನಿಗಳು ಒಂದಕ್ಷರ ಮರೆಯಲಿಲ್ಲ. ಇದು ದೈವದತ್ತವೇ ಅಥವಾ ಕಲಿಯಬಹುದೇ?
(ಶಿರಸಿ)

ಉತ್ತರ: ನೋಡಿದ್ದು ನಿಮ್ಮ ಪುಣ್ಯ. ಕನ್ನಡದಲ್ಲಿ ಈ ಕಲೆಗೆ ಮತ್ತೆ ಜೀವ ತುಂಬಿದವರು ಶತಾವಧಾನಿ ಆರ್. ಗಣೇಶ್, ಸಾವಿರಕ್ಕೂ ಹೆಚ್ಚು ಅವಧಾನ ಮಾಡಿದ್ದಾರೆ. ಅದರಲ್ಲಿ ಬರೀ ನೆನಪಿಲ್ಲ. ಆಶುಕವಿತೆ, ಪಾಂಡಿತ್ಯ, ಸಮಯಸ್ಫೂರ್ತಿ ಎಲ್ಲ ಬೇಕು. ಒಬ್ಬರು ಸಮಸ್ಯೆ (ಪದ್ಯವಾಗಿ ಪೂರ್ತಿ ಮಾಡಬೇಕಾದ ಒಂದು ಸಾಲು) ಕೊಡುತ್ತಾರೆ, ಒಬ್ಬರು ಅಕ್ಷರ ಅಕ್ಷರಕ್ಕೂ ನಿಷೇಧ ಹಾಕುತ್ತಾರೆ, ಅಪ್ರಸ್ತುತ ಪ್ರಸಂಗಿ ನಡುನಡುವೆ ಏನೇನೋ ಕೇಳಿ ದಾರಿ ತಪ್ಪಿಸುತ್ತಾರೆ. ಒಂದೊಂದು ಸುತ್ತಿನಲ್ಲಿ ಒಂದೊಂದು ಸಾಲಿನಂತೆ ಪದ್ಯ ಬೆಳೆಯುತ್ತದೆ, ಪೆನ್ನು ಕಾಗದ ಮುಟ್ಟುವ ಹಾಗಿಲ್ಲ, ಕೊನೆಗೆ ಧಾರಣೆಯಲ್ಲಿ ಎಲ್ಲವನ್ನೂ ಪೂರ್ತಿ ಹೇಳಬೇಕು.

ನಾನು ಅವಧಾನಿ ಅಲ್ಲ, ಆದರೆ ಛಂದಸ್ಸು ಕಲಿಸಿದವಳಾಗಿ ಒಂದು ಮಾತು ಹೇಳಬಲ್ಲೆ. ಪದ್ಯ ಛಂದಸ್ಸಿನಲ್ಲಿ ಇರುವುದೇ ಅರ್ಧ ಬಲ. ಒಂದು ಅಕ್ಷರ ಜಾರಿದರೂ ನಡಿಗೆ ಕುಂಟುತ್ತದೆ, ಎರಡನೇ ಅಕ್ಷರದ ಪ್ರಾಸ ಇನ್ನೊಂದು ಕಡೆಯಿಂದ ಹಿಡಿದುಕೊಂಡಿರುತ್ತದೆ, ಅರ್ಥ ಮತ್ತೊಂದು ಕಡೆಯಿಂದ. ಒಂದೇ ದನಕ್ಕೆ ಮೂರು ಗೂಟ! ನಮ್ಮ ಹಿರಿಯರು ವೈದ್ಯ, ಗಣಿತ, ನಿಘಂಟು ಎಲ್ಲವನ್ನೂ ಪದ್ಯದಲ್ಲಿ ಬರೆದದ್ದಕ್ಕೆ ಇದೂ ಒಂದು ಕಾರಣ. ಕಲಿಯಬೇಕು ಅಂತಿದ್ದರೆ ಇವತ್ತೇ ಒಂದು ಕಂದಪದ್ಯ ಬರೆಯಲು ಕೂತುಕೊಳ್ಳಿ. ಮೊದಲನೆಯದಕ್ಕೆ ಒಂದು ವಾರ ಹಿಡಿಯುತ್ತದೆ, ಹಿಡಿಯಲಿ.

ಪ್ರಶ್ನೆ: ಎಟಿಎಂ ಪಿನ್ ಮರೆತು ಮೂರು ಸಲ ತಪ್ಪು ಒತ್ತಿದೆ, ಕಾರ್ಡ್ ಬ್ಲಾಕ್ ಆಯಿತು. ಕವರ್ ಮೇಲೆ ಬರೆದಿಟ್ಟುಕೊಳ್ಳಲು ಭಯ.
(ತುಮಕೂರು)

ಉತ್ತರ: ಕವರ್ ಮೇಲೆ ಖಂಡಿತ ಬೇಡ. ನಿಮಗೂ ಕಟಪಯಾದಿಯೇ ಮದ್ದು. ನಿಮ್ಮ ಬಾಲ್ಯದ ಯಾವುದೋ ನಾಲ್ಕಕ್ಷರದ ಪದ ಹಿಡಿಯಿರಿ. ಹಿತ್ತಲಲ್ಲಿ ಹಲಸಿನ ಮರ ಇತ್ತು ಅಂದುಕೊಳ್ಳಿ, "ಹಲಸಿನ" ಅಂದರೆ ಹ 8, ಲ 3, ಸಿ 7, ನ 0. ಪಿನ್ 8370. ಮರ ಮರೆಯುವುದಿಲ್ಲ, ಹಾಗಾಗಿ ಪಿನ್ನೂ ಮರೆಯುವುದಿಲ್ಲ. ಮೊದಲ ಎರಡು ವಾರ ದಿನಕ್ಕೊಮ್ಮೆ ಪದದಿಂದ ಅಂಕಿ ತೆಗೆದು ನೋಡಿ. ಹುಟ್ಟಿದ ಇಸವಿ, ಗಾಡಿ ನಂಬರ್ ಇವನ್ನು ಪಿನ್ ಮಾಡಬೇಡಿ, ಬೇರೆಯವರಿಗೆ ಊಹಿಸುವುದು ಸುಲಭ. ಹಲಸು ಮಾತ್ರ ಬೇಡ, ಅದು ಈಗ ಈ ಪತ್ರಿಕೆ ಓದುವವರಿಗೆಲ್ಲ ಗೊತ್ತಾಯಿತು. ನಿಮ್ಮ ಮರ ಯಾವುದು ಅಂತ ನನಗೂ ಬರೆಯಬೇಡಿ.